ಕರೆಂಟು ಕಪಾಟಿನ ಪ್ರಾಂಪ್ಟರು

ದುಬೈಯಲ್ಲಿ ನಾಟಕ ಎಷ್ಟು ಹೊತ್ತು ನಡೆಯಬೇಕೆಂದು ಗೊತ್ತುಮಾಡುವವನು ಬರೆದವನೂ ಅಲ್ಲ, ಆಡಿಸುವವನೂ ಅಲ್ಲ, ಏಸಿ. ಊದ್ ಮೇಥಾದಲ್ಲಿ ನಾವಿರುವ ಹಳೆಯ ಕಟ್ಟಡದ ಏಸಿ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಅದು ಓಡುತ್ತಿದ್ದರೆ ರಾಜನ ಆರ್ಭಟವೂ ಎರಡನೆಯ ಸಾಲಿಗೆ ಮುಟ್ಟುವುದಿಲ್ಲ. ಅದಕ್ಕೇ ನಮ್ಮ ಮನೆಯ ಪದ್ಧತಿ ಹೀಗಿತ್ತು: ನಾಂದಿ ಮುಗಿದ ಕೂಡಲೇ ಏಸಿ ಬಂದ್. ಜನ ಸೆರಗಿನಿಂದಲೋ ಕೈಗೆ ಸಿಕ್ಕ ರಟ್ಟಿನಿಂದಲೋ ಗಾಳಿ ಬೀಸಿಕೊಳ್ಳತೊಡಗಿದರೆ ಪರದೆ, ಏಸಿ ಚಾಲೂ, ಒಂದು ಸುತ್ತು ಚಹಾ. ಡಿಸೆಂಬರಿನಲ್ಲಿ ಒಂದು ಅಂಕ ಅರ್ಧ ತಾಸು ಬಾಳುತ್ತಿತ್ತು. ಏಪ್ರಿಲಿನಲ್ಲಿ ನಾಯಕನಿಗೆ ನಾಯಕಿಯ ಹೆಸರು ಕೇಳಲಿಕ್ಕೂ ಪುರಸೊತ್ತು ಸಿಗುತ್ತಿರಲಿಲ್ಲ.

ಹನ್ನೆರಡು ವರ್ಷ ನಮ್ಮ ಹಾಲ್ ಹೀಗೆ ರಂಗಮಂದಿರವಾಗಿತ್ತು. ಸೋಫಾವನ್ನು ಬಾಲ್ಕನಿಗೆ ತಳ್ಳಿ, ಮಲಗುವ ಕೋಣೆಯ ಬಾಗಿಲ ಮುಂದೆ ಜಾಗ ಬಿಡಿಸಿ, ಸತ್ವಾ ಪೇಟೆಯ ದರ್ಜಿ ಹೊಲಿದುಕೊಟ್ಟ ನೀಲಿ ಪರದೆಯನ್ನು ಹಗ್ಗಕ್ಕೆ ಪೋಣಿಸಿದರೆ ಮುಗಿಯಿತು. ವರ್ಷಕ್ಕೆರಡು ಆಟ. ಟಿಕೆಟ್ಟಿಲ್ಲ, ಬರುವವರೆಲ್ಲ ಗುರುತಿನ ಮನೆಯವರು. ಕೊನೆಗೆ ಎಲ್ಲರಿಗೂ ರೊಟ್ಟಿ, ಎಣ್ಣೆಗಾಯಿ. ಬರೆಯುವವನು ನಾನು, ಆಡಿಸುವವನು ನಾನು, ನಾಯಕನೂ ನಾನೇ. ಇದರಲ್ಲಿ ಅತಿಯೇನಾದರೂ ಇದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ. ಮನೆ ನನ್ನದಾದ ಮೇಲೆ ನಾಯಕ ಮತ್ತಾರು?

ನನ್ನ ಹೆಂಡತಿ ಪ್ರಾಂಪ್ಟರು. ಫ್ರಿಜ್ಜಿಗೂ ಅಡುಗೆಮನೆಯ ಬಾಗಿಲಿಗೂ ನಡುವೆ ಒಬ್ಬರು ಅಡ್ಡಡ್ಡ ನಿಲ್ಲುವಷ್ಟು ಸಂದಿ ಇತ್ತು. ಅಲ್ಲಿ ನೋಟ್‌ಬುಕ್ಕು ಹಿಡಿದು ನಿಲ್ಲುತ್ತಿದ್ದಳು. ಒಲೆಯ ಮೇಲಿನ ಎಣ್ಣೆಗಾಯಿಯ ಮೇಲೂ ಅವಳದೇ ಕಣ್ಣು. ನಾನು ಮಾತು ಮರೆತು ಬಾಯಿ ತೆರೆದರೆ ಸಾಕು, ಗಾಳಿಯಲ್ಲಿ ಬಂದಂತೆ ಮುಂದಿನ ಸಾಲು ಕಿವಿಗೆ ಬೀಳುತ್ತಿತ್ತು. ಮರೆತದ್ದು ಜನಕ್ಕಿರಲಿ, ಎಷ್ಟೋ ಸಲ ನನಗೇ ಗೊತ್ತಾಗುತ್ತಿರಲಿಲ್ಲ.

ಪ್ರಾಂಪ್ಟರಿನ ಬೆಲೆ ನನಗೆ ಗೊತ್ತಿರಬೇಕಿತ್ತು. ನನ್ನ ಸೋದರಮಾವ ಗದಗಿನ ಕಡೆ ತಿರುಗುತ್ತಿದ್ದ ಒಂದು ನಾಟಕ ಕಂಪನಿಯಲ್ಲಿ ಅದೇ ಕೆಲಸಕ್ಕಿದ್ದ. ನನಗೆ ಮಾತು ಕಲಿಸಿದವರಲ್ಲಿ ಅವನೊಬ್ಬ, ನಮ್ಮಜ್ಜಿ ಇನ್ನೊಬ್ಬಳು. ಮಾವ ಎಲೆ ಅಡಿಕೆ ಮೆಲ್ಲುತ್ತ ಹೇಳುತ್ತಿದ್ದ: “ಪ್ರಾಂಪ್ಟರ್ ಅಂದ್ರ ಸಾರಿನಾಗಿನ ಉಪ್ಪಲೇ. ಇದ್ದದ್ದು ಯಾರಿಗೂ ಗೊತ್ತಾಗಬಾರದು. ಇಲ್ಲಂದ್ರ ಮಾತ್ರ ಊರಿಗೆಲ್ಲಾ ಗೊತ್ತಾಗ್ತದ.” ನಾನು ಈ ಮಾತನ್ನು ಹತ್ತು ಕಡೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಮನೆಯಲ್ಲಿ ಉಪ್ಪು ಯಾರೆಂದು ಒಮ್ಮೆಯೂ ತಿರುಗಿ ನೋಡಿದವನಲ್ಲ.

ನಮ್ಮ ಆಟಕ್ಕೆ ಬರುತ್ತಿದ್ದವರಲ್ಲಿ ಉಡುಪಿ ಕಡೆಯ ಹಲ್ಲಿನ ಡಾಕ್ಟರೊಬ್ಬರಿದ್ದರು. ಓದಿದ್ದು ನಮ್ಮ ಕಡೆಯ ಧಾರವಾಡದಲ್ಲಿ; ಆ ಸಲಿಗೆಯಿಂದ ನನ್ನ ಹೆಂಡತಿಯನ್ನು ಅಕ್ಕ ಎಂದರು, ನಾನು ತಾನಾಗಿ ಭಾವನಾದೆ. ಮೊದಲ ವರ್ಷ ಅವರಿಗೆ ನಾನು ಕೊಟ್ಟ ಜವಾಬ್ದಾರಿ ಏಸಿಯ ಸ್ವಿಚ್ಚು. ಆಮೇಲೆ ಮೂರು ಮಾತಿನ ಪೋಲೀಸು, ಬಹಳ ದೊಡ್ಡದೆಂದರೆ ನಾಯಕಿಯ ಅಣ್ಣ. ನಕ್ಕೊಂಡೇ ಇದ್ದರು ಪುಣ್ಯಾತ್ಮರು. ಒಮ್ಮೆಯೂ “ಭಾವ, ಈ ಸಲ ನಾಯಕನ ಪಾರ್ಟು ನನಗೆ ಕೊಡಿ” ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಆಗಲ್ಲವೆಂದು ಹೇಳಿ ಹಗುರಾಗುತ್ತಿದ್ದೆ.

ತಮ್ಮ ಮಗಳು ಇಂಗ್ಲೆಂಡಿನಲ್ಲಿ ಓದು ಮುಗಿಸಿದಾಗ ಡಾಕ್ಟರು ಸಂಸಾರ ಸಮೇತ ಅಲ್ಲಿಗೆ ಹೋಗಿ ಬಂದರು. ಬಂದ ಶನಿವಾರವೇ ನಮ್ಮ ಮನೆಗೆ ಓಡಿಬಂದು, ಚಪ್ಪಲಿ ಬಿಡುವ ಮುಂಚೆಯೇ ಫೋನು ಮುಂದೆ ಹಿಡಿದರು.

“ಭಾವ, ಇದೆಂತ ಹೇಳಿ ನೋಡುವ?”

ಹಳ್ಳಿಗಾಡಿನ ಒಂದು ದೊಡ್ಡ ಕಲ್ಲಿನ ಬಂಗಲೆ. ಅದರ ಒಂದು ಮಗ್ಗುಲಿನಲ್ಲಿ, ಊಟದ ಕೋಣೆ ದಾಟಿದರೆ, ಪೂರಾ ಒಂದು ರಂಗಮಂದಿರ! ಕೆಂಪು ಮಖಮಲ್ಲಿನ ಪರದೆ, ಎತ್ತರದ ರಂಗ, ಚಿನ್ನದ ಅಂಚಿನ ಕಮಾನು, ಹಿಂದೆ ಬಣ್ಣದಲ್ಲಿ ಬರೆದ ತೋಟದ ಪರದೆ.

“ಮನೆಯೊಳಗೆ ಮಾರಾಯ್ರೆ! ಆ ಬಂಗಲೆಯ ದೊರೆಗೆ ನಾಟಕದ ಮರ್ಲು ಅಂತೆ, ಹುಚ್ಚು. ತಾನೇ ಕಟ್ಟಿಸಿದ್ದು. ನೆಂಟರು ಇಷ್ಟರು ಬಂದ್ರೆ ಅವರಿಗೆಲ್ಲ ಒಂದೊಂದು ಪಾರ್ಟು. ಹಿಂದಿನ ಬೆಂಚಿನಲ್ಲಿ ಆಳುಗಳು, ಒಕ್ಕಲುಗಳು. ದೊರೆ ನಗಿಸಿದ್ರೆ ನಗಬೇಕು, ನಗು ಬರ್ತದಾ ಇಲ್ವಾ ಕೇಳುವ ಹಾಗಿಲ್ಲ. ಅವ ಸತ್ತ ಮೇಲೆ ಬಾಗಿಲು ಹಾಕಿದ್ದು, ಎಷ್ಟೋ ವರ್ಷ ತೆಗೀಲೇ ಇಲ್ಲ. ಸೇಬು ರಾಶಿ ಹಾಕ್ತಿದ್ರಂತೆ ಒಳಗೆ, ಮುರಿದ ಕುರ್ಚಿ ಎಲ್ಲ. ಮೊಮ್ಮಗಳು ತೆಗೆದು ನೋಡಿದ್ರೆ ಈ ತೋಟದ ಪರದೆ ಹಾಗೇ ನೇತಾಡಿಕೊಂಡುಂಟು. ಒಂದು ಹೂ ಉದುರಲಿಲ್ಲ!”

ನಾನು ಫೋಟೋಗಳನ್ನು ಒಂದೊಂದಾಗಿ ಸರಿಸಿದೆ. ಕಡೆಯದರಲ್ಲಿ ರಂಗದ ಪಕ್ಕದ ಒಂದು ಮರದ ಚೌಕಟ್ಟಿತ್ತು. ಭುಜದೆತ್ತರದಲ್ಲಿ ಬಣ್ಣ ಸವೆದು ನುಣ್ಣಗಾಗಿತ್ತು.

“ಅದು ದೊರೆಯ ಹೆಂಡತಿ ನಿಲ್ತಿದ್ದ ಜಾಗ ಅಂತೆ. ಪುಸ್ತಕ ಹಿಡ್ಕೊಂಡು ಮಾತು ಎತ್ತಿಕೊಡುವುದು. ಒರಗಿ ಒರಗಿ ಸವೆದದ್ದು.”

“ಮತ್ತ ನಾಯಕ ಯಾರ ಆಗ್ತಿದ್ರು?” ಚಹಾ ತಂದ ನನ್ನ ಹೆಂಡತಿ ಕೇಳಿದಳು.

“ದೊರೆಯೇ ಅಕ್ಕ. ಯಾವಾಗ್ಲೂ.”

“ಹಂಗಾರ ಇವರಂಗ ಇದ್ದ ಅನ್ರಿ.”

ಡಾಕ್ಟರು ಚಹಾ ಚೆಲ್ಲಿಕೊಳ್ಳುವಷ್ಟು ನಕ್ಕರು. ನಾನೂ ನಕ್ಕೆ; ಆಳುಗಳ ಬೆಂಚಿನಲ್ಲಿ ಕೂತವರು ನಕ್ಕಂತೆ. ಅವಳು ಮಾತ್ರ ಆ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತ, “ಆಕಿ ಒಮ್ಮಿನೂ ಪಾರ್ಟ್ ಮಾಡ್ಲಿಲ್ಲೇನು?” ಎಂದಳು. “ಇಲ್ಲಂತೆ” ಎಂದರು ಡಾಕ್ಟರು. ಅವಳು ಫೋನು ತಿರುಗಿ ಕೊಟ್ಟು ಒಳಗೆ ಹೋದಳು.

ಎರಡು ತಿಂಗಳಿಗೆ ಗುಟ್ಟು ಹೊರಬಿತ್ತು. ಅಲ್ ಬರ್ಷಾದ ತಮ್ಮ ವಿಲ್ಲಾದ ಮಜ್ಲಿಸನ್ನು, ಎಂದರೆ ಗೇಟಿನ ಪಕ್ಕ ಬಂದವರನ್ನು ಕೂರಿಸಲೆಂದೇ ಇರುವ ಆ ಉದ್ದನೆಯ ಕೋಣೆಯನ್ನು, ಡಾಕ್ಟರು ರಂಗಮಂದಿರ ಮಾಡುವವರಿದ್ದರು. ನನ್ನ ಅನ್ನದ ದಾರಿ ಆಫೀಸುಗಳ ಒಳಗೋಡೆ, ಒಳಚಾವಣಿ, ಮರಗೆಲಸದ ಅಳತೆ ತೆಗೆಯುವುದು. “ಅಳತೆ ನಿಮ್ಮ ಕೈಯಿಂದಲೇ ಆಗ್ಬೇಕು ಭಾವ, ಕೈಗುಣ” ಎಂದರು. ಇಲ್ಲವೆನ್ನಲು ನಾಲಿಗೆ ಬರಲಿಲ್ಲ. ನನ್ನ ಟೇಪು ಹಿಡಿದು, ನನ್ನ ರಂಗಮಂದಿರವನ್ನು ಮುಚ್ಚಿಸುವ ರಂಗಮಂದಿರವನ್ನು ನಾನೇ ಅಳೆದು ಬಂದೆ.

ಏಸಿ ಯಾವುದು ಹಾಕಿಸುತ್ತೀರಿ ಎಂದು ಕೇಳಿದೆ. “ಸದ್ದೇ ಇಲ್ಲದ್ದು ಉಂಟಂತೆ, ಸ್ಟುಡಿಯೋಗೆ ಹಾಕುವಂಥದ್ದು. ನಾಟಕ ನಡೀವಾಗ ಆರಿಸುವುದೇ ಬೇಡ” ಎಂದರು. ಒಂದಾನೊಂದು ಕಾಲಕ್ಕೆ ನಮ್ಮನೆಯ ಏಸಿ ಆರಿಸುತ್ತಿದ್ದ ಮನುಷ್ಯ! ಆ ಸದ್ದಿಲ್ಲದ ಏಸಿ ನನ್ನ ಹೊಟ್ಟೆಯಲ್ಲಿ ಹೊತ್ತಿಸಿದ ಕಿಚ್ಚು ಇವತ್ತಿಗೂ ಪೂರ್ತಿ ಆರಿಲ್ಲ. ಕೆಂಪು ಪರದೆ, ಕಮಾನು, ಮೆತ್ತನೆಯ ಕುರ್ಚಿ ಯಾವುದೂ ನನ್ನನ್ನು ಅಷ್ಟು ಸುಡಲಿಲ್ಲ.

ಮನೆಗೆ ಬಂದು ನಕ್ಷೆ ಹರಡಿ ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಡಾಕ್ಟರು ಆ ಬಂಗಲೆಯ ಪ್ರತಿಯೊಂದು ಗೆರೆಯನ್ನೂ ನಕಲು ಮಾಡಿಸಿದ್ದರು. ಕಮಾನಿನ ಎಲೆಬಳ್ಳಿ ಕೂಡ ಬಿಟ್ಟಿರಲಿಲ್ಲ. ಬಿಟ್ಟದ್ದು ಒಂದೇ, ಆ ಹೆಂಗಸು ನಿಲ್ಲುತ್ತಿದ್ದ ಜಾಗ. ರಂಗದ ಎಡಕ್ಕೆ ಗೋಡೆ, ಬಲಕ್ಕೆ ಮನೆಯ ಕರೆಂಟಿನ ಫ್ಯೂಸುಗಳೆಲ್ಲ ಇರುವ ಕಪಾಟು. ಪ್ರಾಂಪ್ಟರು ಎಲ್ಲಿ ನಿಲ್ಲಬೇಕು? ಕತೆಯನ್ನು ಎದೆ ತುಂಬಿ ಹೇಳಿದವರಿಗೆ ಕಟ್ಟುವಾಗ ನೆನಪಾಗಲಿಲ್ಲ. ಪೆನ್ಸಿಲು ನನ್ನ ಕೈಯಲ್ಲಿತ್ತು. ಎರಡಡಿಯ ಒಂದು ಸಂದಿ ಗೀರಲು ಅರ್ಧ ನಿಮಿಷ ಸಾಕಿತ್ತು. ನಕ್ಷೆಯನ್ನು ಸುರುಳಿ ಸುತ್ತಿ ಕಳಿಸಿಬಿಟ್ಟೆ. ಮೊದಲ ಆಟದಲ್ಲೇ ಯಾರೋ ಮಾತು ಮರೆತು ಕಂಬದಂತೆ ನಿಲ್ಲುವುದನ್ನು ಮನಸ್ಸಿನಲ್ಲೇ ನೋಡಿ ತಂಪಾದೆ.

ಸತ್ವಾಕ್ಕೆ ಪ್ಯಾಂಟು ಉದ್ದ ಮಾಡಿಸಲು ಹೋದಾಗ ನಮ್ಮ ದರ್ಜಿಯ ಮೇಜಿನ ಮೇಲೆ ಕೆಂಪು ಮಖಮಲ್ಲು ಗುಡ್ಡದಂತೆ ಬಿದ್ದಿತ್ತು. ಅವನು ಸೂಜಿ ಬಾಯಲ್ಲಿಟ್ಟುಕೊಂಡೇ ಹಿಂದಿಯಲ್ಲಿ ಹೇಳಿದ: ಸಾಹೇಬರೇ, ಪರದೆ ಅಂದರೆ ಇದು, ನಿಮಗೆ ಹೊಲಿದುಕೊಟ್ಟದ್ದು ಚಾದರ. ಪ್ಯಾಂಟನ್ನು ಅಲ್ಲೇ ಬಿಟ್ಟು ಬಂದೆ. ಮೂರು ವಾರ ತರಲು ಹೋಗಲಿಲ್ಲ.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆನೇನೋ. ಡಾಕ್ಟರು ಮೊದಲ ಆಟಕ್ಕೆ ತಾವೇ ನಾಟಕ ಬರೆದರು. ಧಾರವಾಡದಲ್ಲಿ ಓದುವಾಗ ಅವರು ಉಣ್ಣುತ್ತಿದ್ದ ಖಾನಾವಳಿಯ ಒಡತಿಯ ಕತೆ. ಊರಿಗೆಲ್ಲ ಬಡಿಸಿದ ಹೆಂಗಸು, ತಾನು ಮಾತ್ರ ಎಂದೂ ಎಲೆಯ ಮುಂದೆ ಕೂತು ಉಂಡವಳಲ್ಲ. ಕೊನೆಯ ದೃಶ್ಯದಲ್ಲಿ ಮೊದಲ ಸಲ ಎಲೆ ಹಾಕಿಕೊಂಡು ಕೂರುತ್ತಾಳೆ. ಹಸ್ತಪ್ರತಿ ಹಿಡಿದು ಬಂದು ನಮ್ಮ ಹಾಲಿನಲ್ಲಿ ಕುಳಿತರು. ನಾನು ಗಂಟಲು ಸರಿಮಾಡಿಕೊಂಡೆ. ಅವರು ನನ್ನನ್ನು ದಾಟಿ ಅಡುಗೆಮನೆಯ ಕಡೆ ನೋಡಿದರು.

“ಅಕ್ಕ, ಈ ಪಾರ್ಟು ನೀವೇ ಮಾಡ್ಬೇಕು.”

“ನಾನಾ? ಹುಚ್ಚೇನ್ರಿ ಡಾಕ್ಟ್ರ? ನಾ ಫ್ರಿಜ್ಜಿನ ಹಿಂದ ನಿಂತಾಕಿ.”

“ಅದಕ್ಕೇ ಹೇಳುವುದು. ಹನ್ನೆರಡು ವರ್ಷದ ಎಲ್ಲ ಪಾರ್ಟು ಬಾಯಿಪಾಠ ಇರುವವರು ನೀವೊಬ್ರೇ.”

“ಭಾವ, ನಿಮಗೊಂದು ಪೋಲೀಸು ಉಂಟು” ಎಂದು ನನ್ನ ಕಡೆ ತಿರುಗಿದರು. ಕುಹಕವಿರಲಿಲ್ಲ ಅವರ ಮುಖದಲ್ಲಿ; ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಮೊಣಕಾಲು ನೋವು ಎಂದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಿಧಾನಕ್ಕೆ, “ನಾ ಮಾಡ್ತೀನಿ. ಆದ್ರ ಒಂದು ಮಾತು. ಪ್ರಾಂಪ್ಟರ್ ಇವರ ಆಗಬೇಕು. ಬ್ಯಾರೆ ಯಾರೂ ಬ್ಯಾಡ” ಎಂದಳು.

ತಾಲೀಮು ಶುರುವಾಯಿತು. ಪ್ರತಿ ಶನಿವಾರ ಅವಳು ಡಾಕ್ಟರು ಬರೆದ ಕರಾವಳಿಯ ಮಾತನ್ನು ನಮ್ಮ ಕಡೆಯ ಮಾತಿಗೆ ತಿದ್ದುವಳು: “ಖಾನಾವಳಿಯಾಕಿ ‘ಎಂತ’ ಅಂದ್ರ ಉಣ್ಣಾಕ ಬಂದವರು ಎದ್ದ ಹೊಕ್ಕಾರ್ರೀ ಡಾಕ್ಟ್ರ!” ಎಲ್ಲರೂ ನಗುವರು. ನಮ್ಮ ಮನೆಯಲ್ಲಿ ಇವಳಿಗೆ ಇಷ್ಟು ಮಾತು ಎಲ್ಲಿತ್ತು? ರೊಟ್ಟಿ ತಟ್ಟುವ ಅಭಿನಯ ಮಾಡುತ್ತ ಅವಳು ದನಿ ಏರಿಸಿದರೆ ಕಡೆಯ ಸಾಲಿನವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಹನ್ನೆರಡು ವರ್ಷ ಪಿಸುಗುಟ್ಟಿಯೇ ಬದುಕಿದ ದನಿ ಅದು. ಎಲ್ಲಿಟ್ಟುಕೊಂಡಿದ್ದಳೋ ಇದನ್ನು! ಹೆಮ್ಮೆ ಪಡಬೇಕಾಗಿತ್ತು. ನನಗಾದದ್ದು ಬೇರೆ. ನಮ್ಮಜ್ಜಿ ಹೇಳುತ್ತಿದ್ದಳು, ಹೊಟ್ಟೆಕಿಚ್ಚಿನವರ ಮನೆಯಲ್ಲಿ ಹಾಲು ಕಾಯುವುದಿಲ್ಲ, ಬರೀ ಉಕ್ಕುತ್ತದೆ ಎಂದು. ನಾನು ಉಕ್ಕುತ್ತಿದ್ದೆ.

ಪ್ರಾಂಪ್ಟರು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಕಡೆಗೂ ಬಂತು. ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು: “ಅಯ್ಯೋ, ಆ ಜಾಗವೇ ಬಿಟ್ಟೇಹೋಯ್ತಲ್ಲ! ಭಾವ, ನಿಮಗೂ ಕಾಣ್ಲಿಲ್ವಾ?”

“ಕಾಣಲಿಲ್ಲ” ಎಂದೆ.

ಉಳಿದದ್ದು ಕರೆಂಟಿನ ಕಪಾಟು. ಫ್ಯೂಸುಗಳಿಗೆ ಬೆನ್ನು ತಾಗದಂತೆ, ಹೊಟ್ಟೆ ಒಳಗೆಳೆದುಕೊಂಡು, ಬಾಗಿಲನ್ನು ಒಂದು ಗೇಣು ಸಡಿಲಿಸಿ ನಿಲ್ಲಬೇಕು. ಸದ್ದಿಲ್ಲದ ಏಸಿಯ ತಂಪು ಇಡೀ ರಂಗಮಂದಿರಕ್ಕಿತ್ತು. ಆ ಕಪಾಟಿಗೆ ಇರಲಿಲ್ಲ. ನಾನು ಬೇರೆಯವರಿಗೆ ತೋಡಿದ ಗುಂಡಿ ನನ್ನ ಅಳತೆಗೇ ಸರಿಯಾಗಿತ್ತು.

ಜನವರಿಯ ಒಂದು ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ ಆಟ. ಡಾಕ್ಟರು ಸೂಟು ಹಾಕಿಕೊಂಡು ಪರದೆಯ ಮುಂದೆ ನಿಂತು ಆ ಇಂಗ್ಲೆಂಡಿನ ರಂಗಮಂದಿರದ ಚರಿತ್ರೆಯನ್ನು, ಸೇಬಿನ ರಾಶಿ ಸಮೇತ, ಹೇಳಿದರು. ನಂತರ, “ದುಬೈಯಲ್ಲಿ ನಮ್ಮಂಥವರಿಗೆ ಮನೆಯೊಳಗೆ ನಾಟಕ ಆಡಬಹುದು ಅಂತ ಮೊದಲು ತೋರಿಸಿದ್ದು ನಮ್ಮ ಭಾವ” ಎಂದರು. ಚಪ್ಪಾಳೆ ಬಿತ್ತು. ಕಪಾಟಿನೊಳಗಿದ್ದ ನನ್ನನ್ನು ಯಾರೂ ನೋಡಲಿಲ್ಲ.

ಅವಳು ಬಂದಳು. ಇಳಕಲ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಮೊದಲ ಮಾತಿಗೇ ಜನ ಅವಳ ಕೈವಶ. ನನ್ನ ಪುಸ್ತಕದ ಪುಟಗಳು ತಾವಾಗಿ ತಿರುಗಿದವು, ನನ್ನ ಅಗತ್ಯವೇ ಬೀಳಲಿಲ್ಲ. ಕಪಾಟಿನ ಸಂದಿಯಿಂದ ನನಗೆ ಅವಳ ಅರ್ಧ ಮುಖ, ಮೊದಲ ಸಾಲಿನವರ ಪೂರಾ ಮುಖ ಕಾಣುತ್ತಿತ್ತು. ಹನ್ನೆರಡು ವರ್ಷ ನನ್ನನ್ನು ನೋಡಿದ ಮುಖಗಳೇ ಅವು. ನನ್ನ ನಾಟಕಕ್ಕೆ ಒಂದು ದಿನವೂ ಅವರು ಹೀಗೆ ಬಾಯಿ ಕಳೆದು ಕುಳಿತಿರಲಿಲ್ಲ. ನಮ್ಮನೆಯಲ್ಲಿ ಏಸಿ ಬಂದ್ ಇರುತ್ತಿತ್ತಲ್ಲ, ಅದಕ್ಕೆ, ಎಂದು ಸಮಾಧಾನ ಹೇಳಿಕೊಂಡೆ. ಅದು ಸುಳ್ಳೆಂದು ಬೆವರುತ್ತಿದ್ದ ನನಗೆ ಗೊತ್ತಿತ್ತು.

ಕೊನೆಯ ದೃಶ್ಯ. ಖಾನಾವಳಿಯ ಒಡತಿ ಎಲೆ ಹಾಸಿಕೊಂಡು ಕೂತಳು. ಸುತ್ತ ಉಣ್ಣಲು ಬಂದವರು ಬೆರಗಾಗಿ ನಿಂತಿದ್ದಾರೆ. ಅವಳು ಎಲೆಯ ಮೇಲೆ ನೀರು ಚಿಮುಕಿಸಿ, ತಲೆಯೆತ್ತಿ, “ಇವತ್ತ ನನಗ ಯಾರರೆ ಬಡಸ್ರಿ” ಎನ್ನಬೇಕು. ನಾಟಕ ಪೂರಾ ನಿಂತಿರುವುದೇ ಆ ಒಂದು ಮಾತಿನ ಮೇಲೆ.

ನೀರು ಚಿಮುಕಿಸಿದಳು. ತಲೆಯೆತ್ತಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ.

ಮರೆತಿದ್ದಳು. ಅವಳ ಕತ್ತಿನ ನರ ಎದ್ದದ್ದು ನನಗೆ ಕಾಣುತ್ತಿತ್ತು. ಸಾಲು ನನ್ನ ಕಣ್ಣ ಮುಂದೆ ಇತ್ತು, ನಾಲಿಗೆಯ ತುದಿಯಲ್ಲೂ ಇತ್ತು. ನಾನು ಕೊಡಲಿಲ್ಲ.

ಕೊಡಲಾಗಲಿಲ್ಲ ಎಂದು ಬರೆದರೆ ಓದುವವರು ನಂಬಬಹುದು, ಸೆಕೆಗೆ ತಲೆ ತಿರುಗಿತು ಎಂದರೂ ನಂಬಬಹುದು. ಹಾಗಲ್ಲ. ಈಗ ಎಲ್ಲರಿಗೂ ಗೊತ್ತಾಗಲಿ, ಇವಳೂ ಮರೆಯುತ್ತಾಳೆ ಎಂದು ಗೊತ್ತಾಗಲಿ ಎಂದುಕೊಂಡೆ. ಒಂದು ಉಸಿರು. ಎರಡು. ಮೊದಲ ಸಾಲಿನಲ್ಲಿ ಯಾರದೋ ಬಳೆ ಸದ್ದಾಯಿತು. ಮೂರು.

ಅವಳು ನಿಧಾನವಾಗಿ ತಲೆ ಹೊರಳಿಸಿ ನೇರ ಕಪಾಟಿನ ಕಡೆ ನೋಡಿದಳು. ಆಮೇಲೆ ಖಾನಾವಳಿಯಾಕೆಯ ಆ ದೊಡ್ಡ ದನಿಯಲ್ಲೇ ಕೂಗಿದಳು:

“ಏನ್ರೀ ಒಳಗಿನವ್ರ! ನೀವಷ್ಟ ಉಂಡು ಕುಂತ್ರೇನು? ನಾ ಎಲಿ ಹಾಕ್ಕೊಂಡ ಕುಂತೀನಿ, ಕಾಣವಲ್ದೇನು?”

ಜನ ಭೋರ್ಗರೆದು ನಕ್ಕರು. ನಾಟಕದಲ್ಲಿ ಇಲ್ಲದ ಮಾತೆಂದು ಯಾರಿಗೂ ಅನ್ನಿಸಲಿಲ್ಲ. ಆ ನಗೆಯ ಅಡಿಯಲ್ಲಿ ನಾನು “ಇವತ್ತ ನನಗ ಯಾರರೆ ಬಡಸ್ರಿ” ಎಂದೆ. ಅವಳು ನಗೆ ಇಳಿಯುವವರೆಗೆ ಕಾದು, ಅದನ್ನೇ ಬಹಳ ಮೆಲ್ಲಗೆ ಹೇಳಿದಳು. ಇಡೀ ಮಜ್ಲಿಸಿನಲ್ಲಿ ಉಸಿರು ಕೇಳಿಸಲಿಲ್ಲ. ಏಸಿಯಂತೂ ಮೊದಲೇ ಕೇಳಿಸುತ್ತಿರಲಿಲ್ಲ.

ಪರದೆ ಬಿದ್ದ ಮೇಲೆ ಡಾಕ್ಟರು ಕುಣಿದಾಡಿಬಿಟ್ಟರು. “ಅಕ್ಕ, ಆ ‘ಒಳಗಿನವ್ರ’ ಅನ್ನುವುದು ಎಲ್ಲಿಂದ ತಂದ್ರಿ? ಇನ್ನು ಅದು ನಾಟಕದಲ್ಲೇ ಇರ್ಲಿ!”

“ನಮ್ಮ ಮನ್ಯಾಗಿಂದ” ಎಂದಳು.

ಕಾರಿನಲ್ಲಿ ಮನೆಗೆ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಮುಂದೆ ನೋಡುತ್ತಲೇ ಕೇಳಿದಳು: “ಎಷ್ಟರ ತನಕಾ ಎಣಿಸಿದ್ರಿ?”

“ಏನು?”

“ನಾ ಮೂರರ ತನಕಾ ಎಣಿಸಿದೆ.”

ಸಿಗ್ನಲ್ಲು ಹಸಿರಾಯಿತು. ಹಿಂದಿನ ಗಾಡಿಯವನು ಹಾರ್ನು ಹೊಡೆದ.

“ಹನ್ನೆರಡ ವರ್ಷ ಆತು. ಒಲಿ ಮ್ಯಾಲೆ ಪಲ್ಯ ಸೀದ್ರೂ ನಿಮ್ಮ ಮಾತು ಒಂದಿನ ತಡಾ ಮಾಡಿಲ್ಲ ನಾ. ಒಂದಿನಾ ಅಂದ್ರ ಒಂದಿನಾ.”

“ಗೊತ್ತೈತಿ” ಎಂದೆ.

“ಗೊತ್ತೈತಿ ಅಂತ ಹೇಳಬ್ಯಾಡ್ರಿ. ಇವತ್ತ ಗೊತ್ತಾತು ಅನ್ರಿ.”

“ಇವತ್ತ ಗೊತ್ತಾತು.”

ಪ್ರಾಂಪ್ಟರಿಗೆ ಜಾಗ ಬಿಟ್ಟಿಲ್ಲದ್ದು ನಕ್ಷೆಯಲ್ಲೇ ಕಂಡಿತ್ತು, ಬೇಕೆಂದೇ ಬಾಯಿ ಮುಚ್ಚಿಕೊಂಡೆ ಎಂಬುದನ್ನೂ ಊದ್ ಮೇಥಾ ಬರುವಷ್ಟರಲ್ಲಿ ಹೇಳಿಬಿಟ್ಟೆ. ಬೈಯುತ್ತಾಳೆಂದು ಕಾದೆ. ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಹಂಗಾರ ಅದರಾಗ ನಿಂತು ಬೆವತದ್ದು ಛಲೋ ಆತು” ಎಂದಳು. ಆದರೆ ಮನೆ ಹೊಕ್ಕ ಮೇಲೆ ಚಹಾ ಮಾಡಲಿಲ್ಲ. ನಾನೇ ಮಾಡಿದೆ. ಕಪ್ಪು ಕೈಗೆ ಕೊಟ್ಟಾಗ ತೆಗೆದುಕೊಂಡಳು, ಸಕ್ಕರೆ ಕಡಿಮೆಯಾಗಿದೆ ಎಂದೂ ಹೇಳಿದಳು. ಅಷ್ಟರಿಂದ ನನಗೆ ಸ್ವಲ್ಪ ಧೈರ್ಯ ಬಂತು.

ಮುಂದಿನ ವಾರ ಡಾಕ್ಟರ ಮನೆಗೆ ಗರಗಸ ಹಿಡಿದು ಹೋದೆ. ನಕ್ಷೆಯ ವಿಷಯ ಅವರಿಗೂ ಹೇಳಿದೆ. “ಹೋ, ಹಾಗಾ?” ಎಂದು ಗರಗಸದ ಮೇಲೊಮ್ಮೆ ಕಣ್ಣಾಡಿಸಿ, “ನಿಮ್ಮ ಪೋಲೀಸಿನ ಪಾರ್ಟು ಮಾಡುವಾಗ ನನಗೂ ಹೀಗೇ ಆಗ್ತಿತ್ತು ಮಾರಾಯ್ರೆ” ಎಂದರು. ಎಡಗಡೆಯ ಗೋಡೆ ಬರೀ ಜಿಪ್ಸಂ ಹಲಗೆಯದು. ಆಳುಗಳನ್ನು ಕರೆಯದೆ ನಾನೇ ಕೊಯ್ದು, ಎರಡಡಿ ಅಗಲದ ಸಂದಿ ತೆಗೆದು, ಭುಜದೆತ್ತರದಲ್ಲಿ ಒರಗಲು ಒಂದು ತೇಗದ ಪಟ್ಟಿ ಬಡಿದೆ. ಏಸಿಯ ಗಾಳಿ ಅಲ್ಲಿಗೂ ಬರುವಂತೆ ಒಂದು ಕಂಡಿ ಬಿಟ್ಟೆ.

ಅದಾದ ಮೇಲೆ ಆ ನಾಟಕ ನಾಲ್ಕು ಸಲ ಆಗಿದೆ, ಒಮ್ಮೆ ಅಬುಧಾಬಿಯ ಸ್ನೇಹಿತರೊಬ್ಬರ ಮನೆಯಲ್ಲಿ. ಜನ ಈಗಲೂ ಮೊದಲು ಅವಳ ಹತ್ತಿರ ಹೋಗಿ ಮಾತಾಡಿಸಿ, ಆಮೇಲೆ ನನ್ನ ಕಡೆ ತಿರುಗಿ “ನೀವು ಆಡೋದು ಬಿಟ್ರಾ?” ಎನ್ನುತ್ತಾರೆ. ಆಗೆಲ್ಲ ಹೊಟ್ಟೆಯಲ್ಲಿ ಹಾಲು ಉಕ್ಕುತ್ತದೆ, ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಪ್ರತಿ ಸಲವೂ ಅವಳು ಎಲೆಯ ಮುಂದೆ ಕೂತು, ನೀರು ಚಿಮುಕಿಸಿ, ತಲೆಯೆತ್ತಿ ಬಾಯಿ ತೆರೆದು ಸುಮ್ಮನಾಗುತ್ತಾಳೆ. ನಿಜಕ್ಕೂ ಮರೆತಳೋ, ನನ್ನನ್ನು ನೋಡುತ್ತಿದ್ದಾಳೋ ಎಂದು ನನಗೆ ತಿಳಿಯುವುದಿಲ್ಲ. ತಿಳಿಯಲೆಂದು ನಾನು ಕಾಯುವುದೂ ಇಲ್ಲ. ಒಂದು ಎಣಿಸುವ ಮೊದಲೇ ಸಾಲನ್ನು ಎತ್ತಿಕೊಡುತ್ತೇನೆ. ಅದು ಕಿವಿಗೆ ಬಿದ್ದ ಮೇಲೂ ಅವಳು ನನ್ನ ಕಡೆ ತಿರುಗಿ, “ಏನ್ರೀ ಒಳಗಿನವ್ರ!” ಎಂದು ಕೂಗುತ್ತಾಳೆ. ಜನ ನಗುತ್ತಾರೆ. ತೇಗದ ಪಟ್ಟಿಗೆ ಒರಗಿಕೊಂಡು ನಾನು ಬೈಸಿಕೊಳ್ಳುತ್ತೇನೆ.